45 ದಾಟಿದ ಹೆಂಗಸರಿಗೆ ಶಾಲೆಯ ಗೇಟು ತೆಗೆಯಿರಿ: ಆರೋಗ್ಯ ಮತ್ತು ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದವಳು. ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದು ನಿವೃತ್ತಳಾಗಿದ್ದೇನೆ. ಊರಲ್ಲಿ ಈಗಲೂ ಪಿ.ಟಿ. ಮೇಡಂ ಅಂತಲೇ ಕರೆಯುತ್ತಾರೆ. ನಿವೃತ್ತಿಯಾದ ಮೇಲೆ ನಮ್ಮ ಬೀದಿಯ ಹೆಂಗಸರಿಗೆ ಸಂಜೆ ಹೊತ್ತು ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಬರುವವರೆಲ್ಲ 45 ದಾಟಿದವರು. ಅಂಗನವಾಡಿ ಸಹಾಯಕಿ, ಬಿಸಿಯೂಟದ ಅಡುಗೆಯವರು, ಹೂ ಕಟ್ಟಿ ಮಾರುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಬ್ಯಾಂಕಿನಿಂದ ನಿವೃತ್ತರಾದವರು, ಮನೆ ನೋಡಿಕೊಳ್ಳುವವರು. ಸಂಬಳ, ಜಾತಿ, ಓದು ಎಲ್ಲ ಬೇರೆ ಬೇರೆ. ದೂರು ಮಾತ್ರ ಒಂದೇ. ತೂಕ ಏರುತ್ತಿದೆ, ಹೊಟ್ಟೆ ಬರುತ್ತಿದೆ, ಮಂಡಿ ನೋವು, ಸುಸ್ತು. ಇವರಿಗೆ ಆಸ್ಪತ್ರೆಯಲ್ಲಿ ಸಿಕ್ಕ ಸಲಹೆಯೂ ಒಂದೇ: "ತೂಕ ಜಾಸ್ತಿ ಇದೆ, ಇಳಿಸಿಕೊಳ್ಳಿ. ವಾಕಿಂಗ್ ಮಾಡಿ."

ಆ ಸಲಹೆ ಸಾಲದು. ಕೆಲವು ಸಲ ಅದರಿಂದ ಕೆಡುಕೂ ಆಗುತ್ತದೆ. ಅದನ್ನು ಹೇಳುವುದಕ್ಕೇ ಈ ಪತ್ರ. ಇಬ್ಬರು ಸಚಿವರಿಗೆ ಒಟ್ಟಿಗೆ ಬರೆಯುವುದಕ್ಕೂ ಕಾರಣ ಇದೆ. ಆರೋಗ್ಯ ಇಲಾಖೆ ನಮ್ಮ ತೂಕದ ಜೊತೆಗೆ ನಮ್ಮ ಕಾಲಿನ ಶಕ್ತಿಯನ್ನೂ ಪರೀಕ್ಷಿಸಬೇಕು. ಆ ಶಕ್ತಿ ಬೆಳೆಸಿಕೊಳ್ಳಲು ಬೇಕಾದ ಜಾಗ ಶಿಕ್ಷಣ ಇಲಾಖೆಯ ಕೈಯಲ್ಲಿದೆ. ಅದು ಸರ್ಕಾರಿ ಶಾಲೆಯ ಮೈದಾನ. ಹೆಚ್ಚುಕಡಿಮೆ ಎಲ್ಲ ಊರಲ್ಲೂ ಇದೆ, ಎಷ್ಟೋ ಕಡೆ ಕಾಂಪೌಂಡ್ ಸಮೇತ ಇದೆ, ಸಂಜೆ ಐದಕ್ಕೆ ಅದಕ್ಕೆ ಬೀಗ ಬೀಳುತ್ತದೆ.

ಪಕ್ಕದ ಬೀದಿಯ ಒಬ್ಬ ಅಕ್ಕನ ವಿಷಯ ಹೇಳುತ್ತೇನೆ. ವಯಸ್ಸು ಐವತ್ತೆರಡೋ ಐವತ್ಮೂರೋ. ಡಾಕ್ಟರು ತೂಕ ಇಳಿಸಿ ಅಂದರು. ಹೇಗೆ ಅಂತ ಹೇಳಲಿಲ್ಲ. ಹೊರಗೆ ಅಷ್ಟು ದೊಡ್ಡ ಸಾಲು ಇರುವಾಗ ಹೇಳಲು ಅವರಿಗೂ ಪುರುಸೊತ್ತಿಲ್ಲ. ಅಕ್ಕ ಮನೆಗೆ ಬಂದು ತನಗೆ ಗೊತ್ತಿದ್ದನ್ನು ಮಾಡಿದರು. ರಾತ್ರಿ ಊಟ ಬಿಟ್ಟರು. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು. ಮಧ್ಯಾಹ್ನ ಅರ್ಧ ಮುದ್ದೆ, ತಿಳಿಸಾರು. ಮೊಟ್ಟೆ ಉಷ್ಣ ಅಂತ ಬಿಟ್ಟರು, ಬೇಳೆ ಗ್ಯಾಸ್ ಅಂತ ಬಿಟ್ಟರು. ಕೆಲವು ತಿಂಗಳಲ್ಲಿ ತೂಕ ಇಳಿಯಿತು. ರವಿಕೆ ಸಡಿಲ ಆಯಿತು ಅಂತ ಎಲ್ಲರಿಗೂ ತೋರಿಸಿ ಖುಷಿಪಟ್ಟರು. ಆಮೇಲೆ ಒಂದು ಸಂಜೆ ನಮ್ಮ ಗುಂಪಿಗೆ ಬಂದು ಚಾಪೆಯ ಮೇಲೆ ಕೂತರು. ಏಳುವಾಗ ಎರಡೂ ಕೈ ನೆಲಕ್ಕೆ ಊರಿದರು, ಆಗಲಿಲ್ಲ. ಪಕ್ಕದವರ ಭುಜ ಹಿಡಿದರು, ಆಗಲೂ ಆಗಲಿಲ್ಲ. "ಮೇಡಂ, ಮೊದಲು ದಪ್ಪ ಇದ್ದಾಗ ಏಳ್ತಿದ್ದೆನಲ್ಲ" ಅಂದರು. ಇಬ್ಬರು ಕೈಕೊಟ್ಟು ಎಬ್ಬಿಸಿದೆವು.

ಅವರ ಮೈಯಿಂದ ಇಳಿದದ್ದು ಬರೀ ಕೊಬ್ಬಲ್ಲ. ಮಾಂಸಖಂಡವೂ ಹೋಗಿತ್ತು. ಊಟ ಕಡಿಮೆ ಮಾಡಿ, ಅದರಲ್ಲೂ ಬೇಳೆಕಾಳು ಮೊಟ್ಟೆ ಬಿಟ್ಟು, ತೂಕ ಎತ್ತುವ ಕೆಲಸವನ್ನೂ ಮಾಡದೆ ಇದ್ದರೆ ದೇಹ ಕೊಬ್ಬಿನ ಜೊತೆಗೆ ಮಾಂಸಖಂಡವನ್ನೂ ಕರಗಿಸುತ್ತದೆ. ತೂಕದ ಯಂತ್ರದ ಮೇಲೆ ನಿಂತರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನಾಲ್ಕು ಕಿಲೋ ಇಳಿದಿದೆ ಅಂತಷ್ಟೇ ತೋರಿಸುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಅದು ಒಳ್ಳೆಯ ಸುದ್ದಿ.

ಈ ವಯಸ್ಸಲ್ಲಿ ನಮ್ಮ ಮೈಯಲ್ಲಿ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿರುವುದಿಲ್ಲ. ನಮ್ಮ ದೇಶದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ರ ಸುಮಾರಿಗೆ. ಅದಕ್ಕೆ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಎಂಬ ಹಾರ್ಮೋನು ಏರುಪೇರಾಗುತ್ತದೆ, ಆಮೇಲೆ ಇಳಿದುಬಿಡುತ್ತದೆ. ಅದುವರೆಗೆ ಸೊಂಟ, ತೊಡೆಯಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಬಂದು ಕೂರುತ್ತದೆ. ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಜಾಸ್ತಿ ಅಪಾಯ ಈ ಹೊಟ್ಟೆಯ ಕೊಬ್ಬಿನಿಂದ. ಮುಟ್ಟು ನಿಂತ ಮೊದಲ ಐದಾರು ವರ್ಷ ಮೂಳೆ ಸವೆಯುವುದೂ ಬಹಳ ಬೇಗ. ನಿದ್ದೆ ಕೆಡುತ್ತದೆ, ಮೈ ಬಿಸಿಯಾಗಿ ಬೆವರುತ್ತದೆ. ನಿದ್ದೆ ಕೆಟ್ಟ ಮಾರನೇ ದಿನ ಎಲ್ಲರಿಗೂ ಸಿಹಿ ತಿನ್ನಬೇಕು ಅನಿಸುತ್ತದೆ ಅಲ್ವಾ? ಅದೂ ತೂಕಕ್ಕೆ ಸೇರುತ್ತದೆ.

ಇದರ ಜೊತೆಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. ನಲವತ್ತಾದ ಮೇಲೆ ದೇಹ ಕ್ಯಾಲೊರಿ ಸುಡುವುದೇ ನಿಧಾನ, ಏನು ಮಾಡಿದರೂ ಅಷ್ಟೇ ಅಂತ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಎಂಟು ದಿನದ ಕೂಸಿನಿಂದ 95 ವರ್ಷದವರವರೆಗೆ. ದೇಹದ ಗಾತ್ರ, ಅದರಲ್ಲಿ ಮಾಂಸಖಂಡ ಎಷ್ಟು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ, 20ರಿಂದ 60 ವರ್ಷದವರೆಗೆ ದೇಹ ಸುಡುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇ ಇಲ್ಲ. ಮುಟ್ಟು ನಿಂತಾಗ ಕುಸಿಯುವುದೂ ಅಲ್ಲಿ ಕಾಣಲಿಲ್ಲ. ಅಂದರೆ ಬದಲಾಗುವುದು ನಮ್ಮ ಓಡಾಟ, ನಮ್ಮ ನಿದ್ದೆ, ನಮ್ಮ ಮಾಂಸಖಂಡ. ಇದರಲ್ಲಿ ಬಹುಪಾಲು ಸರಿಮಾಡಬಹುದಾದದ್ದು. ಐವತ್ತರ ಹೆಂಗಸಿಗೆ "ವಯಸ್ಸಾಯ್ತು, ಇನ್ನೇನು" ಅಂತ ಹೇಳಿ ಕಳಿಸುವುದನ್ನು ನಾನು ಒಪ್ಪದೆ ಇರುವುದು ಇದಕ್ಕೇ.

ನಮ್ಮ ಲೆಕ್ಕವನ್ನು ಸರ್ಕಾರ ಎಲ್ಲಿಯವರೆಗೆ ಇಡುತ್ತದೆ, ಅದನ್ನೂ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು 30% ಜನರಿಗೆ ತೂಕ ಜಾಸ್ತಿ. ಅದರ ಹಿಂದಿನ ಸಮೀಕ್ಷೆಯಲ್ಲಿ ಸುಮಾರು 23% ಇತ್ತು. ರಾಜ್ಯದ ಹೆಂಗಸರಲ್ಲಿ ಸುಮಾರು 48% ಜನರಿಗೆ ರಕ್ತಹೀನತೆ. ಆದರೆ ಈ ಲೆಕ್ಕ 15ರಿಂದ 49 ವರ್ಷದವರದ್ದು. ಮಕ್ಕಳನ್ನು ಹೆರುವ ವಯಸ್ಸು ಎಲ್ಲಿ ಮುಗಿಯುತ್ತದೋ ತೂಕದ ಲೆಕ್ಕವೂ ಅಲ್ಲೇ ಮುಗಿಯುತ್ತದೆ. ಬಸಿರಿನಲ್ಲಿ ತಾಯಿ ಕಾರ್ಡ್ ಇತ್ತು. ತಿಂಗಳು ತಿಂಗಳು ತೂಕ ನೋಡಿದರು, ಕಬ್ಬಿಣದ ಮಾತ್ರೆ ಮನೆಗೇ ತಂದುಕೊಟ್ಟರು. ಮುಟ್ಟು ನಿಲ್ಲುವ ವಯಸ್ಸಿಗೆ ಹೀಗೆ ಒಂದು ಕಾರ್ಡ್ ಇಲ್ಲ. ಈ ಹೊತ್ತಲ್ಲೇ ಎಷ್ಟೋ ಹೆಂಗಸರಿಗೆ ವಿಪರೀತ ರಕ್ತಸ್ರಾವ ಆಗುತ್ತದೆ. ರಕ್ತವೇ ಇಲ್ಲದವಳು ವಾಕಿಂಗ್ ಮಾಡಿ ತಲೆ ಸುತ್ತಿ ಕೂತರೆ ಅದು ಸೋಮಾರಿತನ ಅಲ್ಲ.

ಹಾಗಂತ ಇಲಾಖೆ ಏನೂ ಮಾಡುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ನನಗೆ ಇಷ್ಟವಾದ ಕೆಲಸ. ಬಿಪಿ, ಶುಗರ್ ನೋಡಲು ಮನೆ ಬಾಗಿಲಿಗೇ ಬರುತ್ತಾರೆ. ಅದಕ್ಕೂ ಮೊದಲಿನಿಂದ ಆಶಾ ಕಾರ್ಯಕರ್ತೆಯರು 30 ದಾಟಿದ ಎಲ್ಲರಿಗೂ ಒಂದು ನಮೂನೆ ತುಂಬಿಸುತ್ತಾರೆ. ಅದರಲ್ಲಿ ಸೊಂಟದ ಸುತ್ತಳತೆ ಇದೆ. ಹೆಂಗಸರಿಗೆ 80 ಸೆಂಟಿಮೀಟರ್‌ವರೆಗೆ ಸೊನ್ನೆ ಅಂಕ, 81ರಿಂದ 90ಕ್ಕೆ ಒಂದು, 90 ದಾಟಿದರೆ ಎರಡು. ವಾರಕ್ಕೆ 150 ನಿಮಿಷ ಮೈ ದಣಿಸುತ್ತೀರಾ ಎಂಬ ಪ್ರಶ್ನೆಯೂ ಇದೆ. ಟೈಲರ್ ಟೇಪ್ ಹಿಡಿದುಕೊಂಡು ಬರುವ ಆಶಾ ಅವರೇ ಎಷ್ಟೋ ಸಲ ಐವತ್ತರ ಹತ್ತಿರದ ಹೆಂಗಸು. ಬಿಸಿಲಲ್ಲಿ ಮನೆ ಮನೆ ಸುತ್ತುವ ಅವರ ಮಂಡಿಯನ್ನು ಯಾರು ಕೇಳುತ್ತಾರೆ? ಇದನ್ನೂ ಇಲಾಖೆ ಯೋಚಿಸಬೇಕು.

ಆ ನಮೂನೆಗೆ ಇನ್ನೊಂದು ಸಾಲು ಸೇರಿಸಿ ಅಂತ ನನ್ನ ಮೊದಲ ಬೇಡಿಕೆ. ಇದಕ್ಕೆ ಖರ್ಚಿಲ್ಲ. ಕೈ ಇಲ್ಲದ ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಕೂರಬೇಕು. ಐದು ಸಲ ಪೂರ್ತಿ ಎದ್ದು ನಿಂತು, ಪೂರ್ತಿ ಕೂರಬೇಕು, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ. ಮೊಬೈಲ್‌ನಲ್ಲಿ ಸಮಯ ನೋಡಿ. ಏಷ್ಯಾದ ಜನರಿಗಾಗಿ ತಜ್ಞರ ಗುಂಪೊಂದು 2019ರಲ್ಲಿ ಕೊಟ್ಟ ಅಳತೆಯ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಕಾಲಿನ ಶಕ್ತಿ ಕಡಿಮೆಯಾಗಿದೆ ಅಂತ ಲೆಕ್ಕ. ಕೈಹಿಡಿತಕ್ಕೂ ಒಂದು ಅಳತೆ ಇದೆ. ಹೆಂಗಸರಿಗೆ 18 ಕಿಲೋಗಿಂತ ಕಡಿಮೆ ಆಗಬಾರದು. ಅದಕ್ಕೆ ಒಂದು ಸಣ್ಣ ಯಂತ್ರ ಬೇಕು, ಅದು ಸರ್ಕಾರದ ನಮ್ಮ ಕ್ಲಿನಿಕ್‌ನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದೊಂದು ಇದ್ದರೆ ಸಾಕು. 45 ದಾಟಿದವರ ಮೇಲೆ ದೇಶದಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಕೈಹಿಡಿತವನ್ನೂ ಅಳೆದಿದ್ದಾರೆ. ಸಮೀಕ್ಷೆಗೆ ಬೇಕಾದದ್ದು ಚಿಕಿತ್ಸೆಗೆ ಬೇಡವೇ?

ನಮ್ಮ ಗುಂಪಿಗೆ ಹೊಸಬರು ಬಂದಾಗ ನಾನು ಈ ಕುರ್ಚಿ ಪರೀಕ್ಷೆಯನ್ನೇ ಮೊದಲು ಮಾಡಿಸುತ್ತೇನೆ. ತೂಕ ಕೇಳಿದರೆ ಮುಖ ಬಾಡುವವರು ಇದಕ್ಕೆ ನಗುತ್ತಾ ಬರುತ್ತಾರೆ. ಒಬ್ಬರು ಮಾಡುವಾಗ ಉಳಿದವರು ಎಣಿಸುತ್ತಾರೆ, ಕೂಗುತ್ತಾರೆ. ಕೆಲವರಿಗೆ ಮೂರನೇ ಸಲಕ್ಕೇ ಕೈ ತಾನಾಗಿ ಮಂಡಿಗೆ ಬರುತ್ತದೆ. ಕೆಲವರು ಪೂರ್ತಿ ನೆಟ್ಟಗೆ ನಿಲ್ಲದೆ ಅರ್ಧಕ್ಕೇ ಕೂತುಬಿಡುತ್ತಾರೆ. ದಪ್ಪಗೆ ಕಾಣುವ ಅಡುಗೆ ಸಿಬ್ಬಂದಿ ಒಬ್ಬರು ಎಲ್ಲರಿಗಿಂತ ಬೇಗ ಮುಗಿಸಿದರು. ತೆಳ್ಳಗೆ ಕಾಣುವ ಇನ್ನೊಬ್ಬರಿಗೆ ಐದು ಸಲ ಏಳಲು ಆಗಲೇ ಇಲ್ಲ. ತೂಕ ಒಂದನ್ನೇ ನೋಡುವ ಆಸ್ಪತ್ರೆಯಲ್ಲಿ ಮೊದಲಿನವರಿಗೆ ಬೈಗುಳ ಸಿಗುತ್ತಿತ್ತು, ಎರಡನೆಯವರಿಗೆ ಶಭಾಷ್ ಸಿಗುತ್ತಿತ್ತು. ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ಯಾರಿಗೆ ಜಾಸ್ತಿ, ನೀವೇ ಹೇಳಿ.

ಶಕ್ತಿ ಎಂಬುದು ಈ ವಯಸ್ಸಲ್ಲಿ ಬರುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಬರುತ್ತದೆ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ, ವೃದ್ಧಾಶ್ರಮದಂಥ ಜಾಗದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿಗೆ ಭಾರ ಹಾಕಿ ವ್ಯಾಯಾಮ ಮಾಡಿಸಿದರು. ಶುರುಮಾಡಿದಾಗ ಇದ್ದ ಶಕ್ತಿಯ ಮೇಲೆ ಸರಾಸರಿ 174% ಹೆಚ್ಚಾಯಿತು. ಆಸ್ಟ್ರೇಲಿಯಾದಲ್ಲಿ ಮೂಳೆ ಸವೆದಿದ್ದ, ಮುಟ್ಟು ನಿಂತ 101 ಹೆಂಗಸರ ಮೇಲೆ ನಡೆದ ಇನ್ನೊಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವ್ಯಾಯಾಮದ ಗುಂಪಿನವರು ವಾರಕ್ಕೆ ಎರಡೇ ಸಲ, ಸಲಕ್ಕೆ ಅರ್ಧ ಗಂಟೆ, ಎಂಟು ತಿಂಗಳು ಮಾಡಿದರು. ತರಬೇತುದಾರರ ಕಣ್ಣೆದುರೇ ಭಾರ ಎತ್ತಿದರು. ಅವರ ಬೆನ್ನುಮೂಳೆ ಗಟ್ಟಿಯಾಯಿತು. ಸುಮ್ನೆ ಮನೆಯಲ್ಲಿ ಹಗುರ ವ್ಯಾಯಾಮ ಮಾಡಿಕೊಂಡ ಗುಂಪಿಗೆ ಹಾಗಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥದ್ದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ವ್ಯಾಯಾಮ ಬೇಕು ಅಂತ ಸ್ಪಷ್ಟವಾಗಿ ಇದೆ. 65 ದಾಟಿದವರಿಗೆ ಸಮತೋಲನದ ವ್ಯಾಯಾಮವನ್ನು ವಾರಕ್ಕೆ ಮೂರು ದಿನ ಹೇಳಿದ್ದಾರೆ. ನಮ್ಮ ಆಸ್ಪತ್ರೆಗಳ ಗೋಡೆಯ ಮೇಲೆ ವಾಕಿಂಗ್ ಚಿತ್ರ ಇದೆ, ಯೋಗದ ಚಿತ್ರ ಇದೆ. ಎರಡೂ ಒಳ್ಳೆಯದೇ. ಭಾರ ಎತ್ತುತ್ತಿರುವ ಹೆಂಗಸಿನ ಚಿತ್ರ ನಾನು ಒಂದು ಕಡೆಯೂ ನೋಡಿಲ್ಲ.

ಭಾರ ಅಂದರೆ ಜಿಮ್ಮಿನ ಕಬ್ಬಿಣವೇ ಆಗಬೇಕಿಲ್ಲ. ನಾವು ಐದು ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿಸುತ್ತೇವೆ. ಐದು ಲೀಟರ್ ನೀರು ಅಂದರೆ ಐದು ಕಿಲೋ, ಲೆಕ್ಕ ಸುಲಭ. ಮೊದಮೊದಲು ಎರಡು ಲೀಟರ್ ಮಾತ್ರ ತುಂಬಿಸುತ್ತೇವೆ, ಎರಡು ಮೂರು ವಾರಕ್ಕೊಮ್ಮೆ ಒಂದೊಂದು ಲೀಟರ್ ಏರಿಸುತ್ತೇವೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ಬಗ್ಗಿಸದೆ ಸೊಂಟದಿಂದ ಮುಂದಕ್ಕೆ ಬಾಗಿ ಏಳಬೇಕು. ಆಮೇಲೆ ಕುರ್ಚಿಯ ಅಂಚು ಮುಟ್ಟಿ ಏಳುವ ಬಸ್ಕಿ. ಆಮೇಲೆ ಗೋಡೆಗೆ ಕೈ ಊರಿ ದಂಡ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹತ್ತಿ ಇಳಿಯುವುದು. ಕೊನೆಗೆ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ದಂಡ, ಬಸ್ಕಿ ನಮ್ಮ ಗರಡಿಮನೆಯವೇ. ಗರಡಿಮನೆ ಗಂಡಸರದಾಗಿತ್ತು, ಅಷ್ಟೇ. ಮಂಡಿ ನೋವಿದ್ದವರು ಬಸ್ಕಿಗೆ ಹೆದರುತ್ತಾರೆ. ಅವರಿಗೆ ಎತ್ತರದ ಕುರ್ಚಿಯಿಂದ ಶುರುಮಾಡಿಸಬೇಕು, ದಿಂಬು ಹಾಕಿ ಇನ್ನೂ ಎತ್ತರಿಸಬೇಕು. ಸವೆದ ಮಂಡಿಗೆ ತೊಡೆಯ ಬಲವೇ ಆಸರೆ ಅಂತ ಯಾವ ಮೂಳೆ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಬಿಪಿ ಇದ್ದವರು ಭಾರ ಎತ್ತುವಾಗ ಉಸಿರು ಕಟ್ಟಬಾರದು. ಈ ಸಣ್ಣ ಸಣ್ಣ ವಿಷಯಗಳನ್ನು ಪಕ್ಕದಲ್ಲಿ ನಿಂತು ಹೇಳುವವರು ಬೇಕು. ಮೊಬೈಲ್ ವಿಡಿಯೋದಲ್ಲಿ ಇಪ್ಪತ್ತೈದರ ಹುಡುಗಿ ಹಾರುವುದನ್ನು ನೋಡಿಕೊಂಡು ಅರವತ್ತರವರು ಹಾರಿದರೆ ಕಾಲು ಉಳುಕುತ್ತದೆ.

"ಮನೆಗೆಲಸವೇ ವ್ಯಾಯಾಮ ಅಲ್ವಾ?" ಅಂತ ಗಂಡಸರು ಕೇಳುತ್ತಾರೆ. ಹೆಂಗಸರೂ ಕೇಳುತ್ತಾರೆ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಹೆಂಗಸರು ಸಂಬಳವಿಲ್ಲದ ಮನೆಗೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ ಅಂತ ಬಂದಿದೆ. ಮನೆಗೆಲಸದಲ್ಲಿ ಆಯಾಸ ಖಂಡಿತ ಇದೆ. ಆದರೆ ಗ್ಯಾಸ್ ಒಲೆಯ ಮುಂದೆ ನಿಂತು, ಮಿಕ್ಸಿ ಗುಂಡಿ ಒತ್ತಿ, ಪಾತ್ರೆ ತೊಳೆದು ಬರುವ ಆಯಾಸದಿಂದ ತೊಡೆ, ಬೆನ್ನು, ಮೂಳೆ ಬಲವಾಗುವುದಿಲ್ಲ. ದಿನವೂ ಅದೇ ಕೆಲಸ, ಅದೇ ಭಾರ. ದೇಹ ಅದಕ್ಕೆ ಒಗ್ಗಿಹೋಗಿದೆ. ಭಾರ ಸ್ವಲ್ಪ ಸ್ವಲ್ಪವೇ ಏರಬೇಕು, ಆಗ ಶಕ್ತಿ ಬರುತ್ತದೆ. ನಮ್ಮ ಅಜ್ಜಿಯರು ಬೀಸುತ್ತಿದ್ದರು, ಕುಟ್ಟುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು, ಅದಕ್ಕೇ ಗಟ್ಟಿಯಾಗಿದ್ದರು ಅಂತ ಹೇಳುವವರಿದ್ದಾರೆ. ಅದೇ ಅಜ್ಜಿಯರು ಬೆನ್ನು ಬಾಗಿ ಹೋದದ್ದನ್ನೂ ನಾನು ನೋಡಿದ್ದೇನೆ. ಬೀಸುವ ಕಲ್ಲು ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ. ಆ 289 ನಿಮಿಷದ ಹೊರಗೆ ಅವಳದೇ ಅಂತ ಮುಕ್ಕಾಲು ಗಂಟೆ ಸಿಗಲಿ.

ಆ ಮುಕ್ಕಾಲು ಗಂಟೆ ಸಿಕ್ಕರೆ ಎಲ್ಲಿ ಹೋಗುವುದು? 2024ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ 57% ಹೆಂಗಸರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಅದು 42%. ಇದನ್ನು ಓದಿ ಹೆಂಗಸರಿಗೆ ಮನಸ್ಸಿಲ್ಲ ಅನ್ನುವುದು ಸುಲಭ. ನಮ್ಮ ಊರಿನ ಒಂದು ದಿನವನ್ನು ನೋಡಿ. ಬೆಳಿಗ್ಗೆ ಐದರಿಂದ ಒಂಬತ್ತು ಅಡುಗೆ, ಡಬ್ಬಿ, ನೀರು, ಮೊಮ್ಮಕ್ಕಳ ಶಾಲೆ. ಆಗ ಪಾರ್ಕಿನಲ್ಲಿ ಇರುವವರು ಗಂಡಸರು. ಕೆಲಸ ಮುಗಿದು ಹನ್ನೊಂದಕ್ಕೆ ಪುರುಸೊತ್ತಾದರೆ ಪಾರ್ಕಿಗೆ ಬೀಗ. ಹತ್ತಕ್ಕೆ ಮುಚ್ಚಿ ಸಂಜೆ ನಾಲ್ಕಕ್ಕೆ ತೆಗೆಯುತ್ತಾರೆ. ಬೆಂಗಳೂರಿನ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನ 2024ರಲ್ಲೇ ಆಗಿದೆ. ಆ ಭಾಗ್ಯ ತಾಲ್ಲೂಕಿಗೆ ಬಂದಿಲ್ಲ. ಪಾರ್ಕಿನ ಓಪನ್ ಜಿಮ್ಮಿನಲ್ಲಿ ಕಾಲು ಹಿಂದೆ ಮುಂದೆ ಆಡಿಸುವ ಉಪಕರಣ, ಸೊಂಟ ತಿರುಗಿಸುವ ಉಪಕರಣ ಇವೆ. ಭಾರ ಏರಿಸಲು ಬರುವಂಥದ್ದು ಒಂದೂ ಇಲ್ಲ. ಅವುಗಳ ಮೇಲೂ ಮಕ್ಕಳು ಕೂತಿರುತ್ತಾರೆ, ಪಾಪ, ಅವಕ್ಕೂ ಆಡಲು ಬೇರೆ ಜಾಗ ಇಲ್ಲ.

ರಸ್ತೆಯಲ್ಲಿ ನಡೆಯೋಣ ಅಂದರೆ ಕತ್ತಲಾದ ಮೇಲೆ ನಾಯಿ, ಬೈಕು, ಕಿತ್ತುಹೋದ ಚರಂಡಿ ಚಪ್ಪಡಿ. ಐವತ್ತೈದರ ಹೆಂಗಸು ಬಿರುಸಾಗಿ ನಡೆದರೆ ಅಂಗಡಿ ಕಟ್ಟೆಯ ಮೇಲಿಂದ ಕಾಮೆಂಟು. ಸೀರೆಯ ಕೆಳಗೆ ಶೂ ಹಾಕಿಕೊಳ್ಳಲು ನಾಚಿಕೆ, ಹವಾಯಿ ಚಪ್ಪಲಿಯಲ್ಲಿ ನಡೆದು ಹಿಮ್ಮಡಿ ನೋವು. ಚೂಡಿದಾರ್ ಹಾಕಿಕೊಂಡರೆ ಅತ್ತೆ ಏನಂತಾರೋ, ಸೊಸೆ ಏನಂತಾಳೋ. ಕಾಂಪೌಂಡ್ ಒಳಗೆ, ತಮ್ಮಂಥವರ ಜೊತೆ, ಈ ಯಾವುದೂ ಅಡ್ಡ ಬರುವುದಿಲ್ಲ. ನಮ್ಮ ಗುಂಪು ಒಬ್ಬರ ಮನೆಯ ತಾರಸಿ ಮೇಲೆ ಸೇರುತ್ತದೆ. ತಾರಸಿ ಸಾಲುವುದಿಲ್ಲ. ಮಂಡಿ ನೋವಿನವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಯಾರಿಗೆ ಜಾಸ್ತಿ ಬೇಕೋ ಅವರೇ ಕೆಳಗೆ ಉಳಿಯುತ್ತಾರೆ.

ಅದಕ್ಕೇ ಶಿಕ್ಷಣ ಸಚಿವರಲ್ಲಿ ನನ್ನ ಎರಡನೇ ಬೇಡಿಕೆ. ಸರ್ಕಾರಿ ಶಾಲೆಗಳ ಮೈದಾನವನ್ನು, ಶಾಲೆ ಬಿಟ್ಟ ಮೇಲೆ ಸಂಜೆ ಐದರಿಂದ ಆರೂವರೆವರೆಗೆ, ರಜಾ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೂ, 45 ದಾಟಿದ ಹೆಂಗಸರಿಗೆ ಬಿಟ್ಟುಕೊಡಿ. ಅಲ್ಲಿ ಮೆಟ್ಟಿಲಿರುವ ಜಗುಲಿ ಇದೆ, ಮರದ ನೆರಳಿದೆ, ಕುರ್ಚಿ ಇದೆ, ನೀರಿನ ನಲ್ಲಿ ಇದೆ, ಶೌಚಾಲಯ ಇದೆ. ಈ ವಯಸ್ಸಲ್ಲಿ ಶೌಚಾಲಯ ಬಹಳ ದೊಡ್ಡ ವಿಷಯ. ಕೆಮ್ಮಿದರೆ, ಜಿಗಿದರೆ ಮೂತ್ರ ಜಾರುತ್ತದೆ ಅಂತ ವ್ಯಾಯಾಮ ಬಿಟ್ಟ ಹೆಂಗಸರು ಎಷ್ಟೋ ಜನ. ಅವರು ಯಾರ ಹತ್ತಿರವೂ ಹೇಳುವುದಿಲ್ಲ. ಅದಕ್ಕೂ ವ್ಯಾಯಾಮ ಇದೆ, ಅದನ್ನೂ ಹೇಳಿಕೊಡಬಹುದು. ಬಾಗಿಲು ಇರುವ, ನೀರು ಬರುವ ಒಂದು ಶೌಚಾಲಯ ಹತ್ತಿರದಲ್ಲಿದ್ದರೆ ಅವರು ಧೈರ್ಯವಾಗಿ ಬರುತ್ತಾರೆ.

ಶಾಲೆಯಲ್ಲಿ ಕೆಲಸ ಮಾಡಿದವಳು ನಾನು. ಮುಖ್ಯ ಶಿಕ್ಷಕರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು. ಬೀಗದ ಕೈ ಯಾರ ಹತ್ತಿರ? ಗಾಜು ಒಡೆದರೆ ಯಾರು ಹೊಣೆ? ರಾತ್ರಿ ಕುಡುಕರು ನುಗ್ಗಿದರೆ? ಅವರ ಭಯ ನ್ಯಾಯವಾದದ್ದೇ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಮೈದಾನದಲ್ಲಿ ಬಾಟಲಿ ಚೂರು ಹೆಕ್ಕಿದವರಲ್ಲಿ ನಾನೂ ಒಬ್ಬಳು. ಬೀಗ ಹಾಕಿದ ದಿನಗಳಲ್ಲೂ ಅವರು ಗೋಡೆ ಹಾರಿ ಬರುತ್ತಿದ್ದರು. ಸಂಜೆ ಹೊತ್ತು ಊರಿನ ಇಪ್ಪತ್ತು ಹೆಂಗಸರು ಇರುವ ಮೈದಾನಕ್ಕೆ ಕುಡಿಯಲು ಬರುವವರು ಎರಡು ಸಲ ಯೋಚಿಸುತ್ತಾರೆ. ಬೀಗದ ಕೈ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂದರೆ ಎಸ್‌ಡಿಎಂಸಿಯ ಒಬ್ಬ ಮಹಿಳಾ ಸದಸ್ಯೆಯ ಹತ್ತಿರ ಇರಲಿ. ತರಗತಿಗಳಿಗೆ ಬೀಗ ಹಾಗೇ ಇರಲಿ, ತೆಗೆಯಬೇಕಾದದ್ದು ಗೇಟು ಮತ್ತು ಶೌಚಾಲಯ ಮಾತ್ರ. ಒಂದು ದೀಪ ಬೇಕು, ಅದರ ಕರೆಂಟ್ ಬಿಲ್ ಶಾಲೆಯ ತಲೆಗೆ ಬರಬಾರದು. ಸಂಜೆ ಮಕ್ಕಳು ಖೋ ಖೋ, ಕಬಡ್ಡಿ ಅಭ್ಯಾಸ ಮಾಡುವ ಶಾಲೆಯಲ್ಲಿ ಮಕ್ಕಳಿಗೇ ಮೊದಲ ಹಕ್ಕು, ನಮಗೆ ಒಂದು ಮೂಲೆ ಸಾಕು. ಇದಕ್ಕೆಲ್ಲ ಬೇಕಾದದ್ದು ನಿಮ್ಮ ಇಲಾಖೆಯ ಒಂದು ಸುತ್ತೋಲೆ. ಅದಿಲ್ಲದೆ ಒಳ್ಳೆಯ ಮನಸ್ಸಿನ ಮುಖ್ಯ ಶಿಕ್ಷಕರೂ ಗೇಟು ತೆಗೆಯಲಾರರು. ನಾಳೆ ಏನಾದರೂ ಆದರೆ ನೋಟಿಸ್ ಬರುವುದು ಅವರಿಗೇ.

ಹೇಳಿಕೊಡುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಇದೆ. ಸ್ತ್ರೀಶಕ್ತಿ ಸಂಘಗಳು ಎರಡು ದಶಕದಿಂದ ಊರೂರಲ್ಲಿ ಇವೆ. ಪ್ರತಿ ಸಂಘದಿಂದ ಒಬ್ಬರನ್ನು ಆರಿಸಿ, ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹತ್ತಿರ ಕೆಲವು ದಿನ ತರಬೇತಿ ಕೊಡಿಸಿ. ನನ್ನಂಥ ನಿವೃತ್ತ ಪಿ.ಟಿ. ಶಿಕ್ಷಕಿಯರು ಜಿಲ್ಲೆಗೆ ಎಷ್ಟೋ ಜನ ಇದ್ದೇವೆ, ಕರೆದರೆ ಬರುತ್ತೇವೆ. ಆದರೆ ದಿನವೂ ನಿಂತು ಹೇಳಿಕೊಡುವವರಿಗೆ ಗೌರವಧನ ಕೊಡಿ. ಹೆಂಗಸರ ಕೆಲಸ ಅಂದರೆ ಸೇವೆ ಅಂತ ಪುಕ್ಕಟೆ ಮಾಡಿಸುವುದು ಬೇಡ. ಈ ಕೆಲಸವನ್ನು ಮತ್ತೆ ಆಶಾ ಅವರ ತಲೆಗೆ ಕಟ್ಟುವುದೂ ಬೇಡ.

ಊಟದ ವಿಷಯ ಸ್ವಲ್ಪ ಹೇಳಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ನಮ್ಮ ಕಡೆಯ ಊಟ ಮುದ್ದೆ, ಅನ್ನ, ತಿಳಿಸಾರು. ರಾಗಿ ಚಿನ್ನದಂಥ ಧಾನ್ಯ, 100 ಗ್ರಾಂನಲ್ಲಿ 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಪ್ರೋಟೀನ್ ಮಾತ್ರ ಏಳು ಗ್ರಾಂ ಅಷ್ಟೇ. ಹುರುಳಿಯಲ್ಲಿ 22 ಗ್ರಾಂ ಹತ್ತಿರ ಇದೆ. ಆದರೆ ನಾವು ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡುತ್ತೇವೆ. ಕಾಳಿನ ಪಲ್ಯ ಗಂಡಸರಿಗೆ, ಮಕ್ಕಳಿಗೆ ಬಡಿಸಿ, ಕೊನೆಗೆ ಉಳಿದ ಸಾರಿನಲ್ಲಿ ಹೆಂಗಸರು ಉಣ್ಣುತ್ತಾರೆ. ಅವರೆಕಾಳು, ಹೆಸರುಕಾಳು, ಶೇಂಗಾ, ಮೊಟ್ಟೆ, ಮೊಸರು ಎಲ್ಲಕ್ಕೂ ಇದೇ ಕಥೆ. ತೂಕ ಇಳಿಸಿ ಅನ್ನುವ ಡಾಕ್ಟರು ಇನ್ನೊಂದು ಮಾತು ಸೇರಿಸಿದರೆ ಸಾಕು: "ಅನ್ನ, ಸಕ್ಕರೆ, ಕರಿದದ್ದು ಕಡಿಮೆ ಮಾಡಿ, ಆದರೆ ಕಾಳು ನಿಮ್ಮ ತಟ್ಟೆಗೇ ಮೊದಲು ಬೀಳಲಿ." ಡಾಕ್ಟರು ಹೇಳಿದರು ಅಂದರೆ ಮನೆಯಲ್ಲಿ ಅದಕ್ಕೆ ಬೆಲೆ ಇದೆ. ಹೆಂಗಸು ತಾನಾಗಿ ಬಡಿಸಿಕೊಂಡರೆ ಇಲ್ಲ.

ದುಡ್ಡಿದ್ದವರಿಗೆ ಈಗ ತೂಕದ ಇಂಜೆಕ್ಷನ್‌ಗಳು ಬಂದಿವೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಹೆಸರು ತಾಲ್ಲೂಕಿನಲ್ಲೂ ಕೇಳಿಸುತ್ತಿದೆ. ಬೇಕಾದವರಿಗೆ ಅವು ನಿಜಕ್ಕೂ ಉಪಕಾರದ ಔಷಧಿ. ಅವುಗಳಿಂದ ಇಳಿಯುವ ತೂಕದಲ್ಲೂ ಒಂದು ಪಾಲು ಮಾಂಸಖಂಡ ಇರುತ್ತದೆ. ಆದ್ದರಿಂದ ಇಂಜೆಕ್ಷನ್ ತೆಗೆದುಕೊಳ್ಳುವವಳಿಗೂ ಭಾರ ಎತ್ತುವ ಜಾಗ ಬೇಕು.

ಹೆಂಗಸರು ಬರುತ್ತಾರಾ ಅಂತ ಅಧಿಕಾರಿಗಳು ಕೇಳಬಹುದು. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ ಕೊಡುವ ಶಕ್ತಿ ಯೋಜನೆ ಶುರುವಾದಾಗಲೂ ಇದೇ ಪ್ರಶ್ನೆ ಇತ್ತು. ಹೆಂಗಸರಿಗೆ ಓಡಾಡುವ ಕೆಲಸ ಏನಿದೆ ಅಂದವರಿದ್ದರು. ಈಗ ಯಾವ ಬಸ್ ಬೇಕಾದರೂ ಹತ್ತಿ ನೋಡಿ. ದೇವಸ್ಥಾನ, ತವರುಮನೆ, ಆಸ್ಪತ್ರೆ, ಕೂಲಿ ಎಲ್ಲಕ್ಕೂ ಹೊರಟಿದ್ದಾರೆ. ಮನೆಯಲ್ಲಿ ಯಾರ ಹತ್ತಿರವೂ ದುಡ್ಡು ಕೇಳಬೇಕಿಲ್ಲ ಅನ್ನುವ ಒಂದೇ ಕಾರಣಕ್ಕೆ ಹೊರಟವರು ಎಷ್ಟೋ ಜನ. ಮೈದಾನಕ್ಕೂ ಅಪ್ಪಣೆ ಕೇಳಬೇಕಿಲ್ಲ ಅಂತ ಆದರೆ ಬರುತ್ತಾರೆ. ಮೊದಲ ವಾರ ಐದು ಜನ ಬರಬಹುದು. ನಿಲ್ಲಿಸಬೇಡಿ.

ಇಡೀ ರಾಜ್ಯದಲ್ಲಿ ಒಂದೇ ದಿನ ಮಾಡಿ ಅಂತ ನಾನು ಕೇಳುವುದಿಲ್ಲ. ಜಿಲ್ಲೆಗೆ ಒಂದು ತಾಲ್ಲೂಕು, ತಾಲ್ಲೂಕಿಗೆ ಐದು ಶಾಲೆ ಆರಿಸಿಕೊಳ್ಳಿ. ಬೇಸಿಗೆ ರಜೆಯಲ್ಲಿ ಶುರುಮಾಡಿದರೆ ಪಾಠಕ್ಕೂ ತೊಂದರೆ ಇಲ್ಲ. ಮೊದಲ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರು ಬಂದು ಬಿಪಿ, ಶುಗರ್, ಹಿಮೋಗ್ಲೋಬಿನ್, ಸೊಂಟದ ಸುತ್ತಳತೆ, ಕುರ್ಚಿ ಪರೀಕ್ಷೆ ಮಾಡಿ ಬರೆದುಕೊಳ್ಳಲಿ. ಆರು ತಿಂಗಳಾದ ಮೇಲೆ ಮತ್ತೆ ಮಾಡಲಿ. ತೂಕ ಇಳಿಯದೆ ಕುರ್ಚಿಯಿಂದ ಬೇಗ ಏಳುವವರಿದ್ದರೆ ಅವರನ್ನು ಗೆದ್ದವರ ಪಟ್ಟಿಗೆ ಸೇರಿಸಿ. ಫಲ ಕಾಣದಿದ್ದರೆ ನಿಲ್ಲಿಸಿ, ನಾನು ಆಕ್ಷೇಪ ಮಾಡುವುದಿಲ್ಲ. ನಮ್ಮ ತಾಲ್ಲೂಕನ್ನು ಆರಿಸಿದರೆ ಮೊದಲ ತಂಡಕ್ಕೆ ತರಬೇತಿ ನಾನೇ ಕೊಡುತ್ತೇನೆ. ನೀರಿನ ಕ್ಯಾನುಗಳನ್ನು ನಾವೇ ತರುತ್ತೇವೆ. ಸುತ್ತೋಲೆ ಹೊರಡಿಸುವುದು ನಿಮ್ಮಿಂದ ಆಗಬೇಕು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ
ತುಮಕೂರು ಜಿಲ್ಲೆ